ತಟ್ಟೆಯಂಚಿನ ಮೂಲೆ ತುಂಡು

ಬಾಗಿಲು ತೆರೆದವಳ ಕೈ ಚಿಲಕದ ಮೇಲೇ ಉಳಿಯಿತು.

ಅವನು!

ಎಂಟು ತಿಂಗಳ ಮೇಲೆ... ಅವಳ ಬಾಡಿಗೆ ಮನೆಯ ಹೊಸ್ತಿಲಲ್ಲಿ, ಹಳೇ ಟವೆಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ನಿಂತಿದ್ದ ಅವಳ ಗಂಡ ಏದುಸಿರು ಬಿಡುತ್ತಿದ್ದ. ಊರವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಆಸಾಮಿ! ಈ ಕಟ್ಟಡದ ಲಿಫ್ಟ್ ಕೆಟ್ಟು ಎರಡು ವಾರವಾಗಿತ್ತು, ನಾಲ್ಕು ಮಹಡಿಗೂ ಮೆಟ್ಟಿಲೇ ಗತಿ.

'ಕರೆಯೋಕೆ ಬಂದ್ರಾ? ಈಗಲಾದರೂ?'

"ಅಮ್ಮ..." ಎಂದ ಅವನು.

ತನಗಾಗಿ ಬಂದಿಲ್ಲ!

"ಏನಾಯ್ತು ಅತ್ತೆಗೆ?"

"ಡಾಕ್ಟರು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು. ಇನ್ನೇನೂ ಮಾಡೋಕಾಗಲ್ವಂತೆ. ನಮ್ಮನೇಗೇ ಕರ್ಕೊಂಡು ಬಂದಿದ್ದೀನಿ. ಆರು ದಿನದಿಂದ ನೀರು ಬಿಟ್ಟು ಏನೂ ಇಳೀತಿಲ್ಲ. ನಿನ್ನೆ ಓವನ್ ಕೈಮಾ ತಿನ್ಬೇಕು ಅಂದ್ರು. ನಾನೇ ಮಾಡಿದೆ." ಅವನು ತಲೆ ತಗ್ಗಿಸಿದ. "ಸೀದುಹೋಯ್ತು."

ಟವೆಲ್ ಬಿಚ್ಚಿದ. ಒಳಗೆ ಅತ್ತೆಯ ಪಿಂಗಾಣಿ ಪಾತ್ರೆ. ಚಚ್ಚೌಕ, ಒಂದು ಕಡೆ ಚೂರು ಹಾರಿದ್ದು. ಉಜ್ಜಿ ಉಜ್ಜಿ ತೊಳೆದರೂ ಅಂಚಿನಲ್ಲಿ ಕರಿ ಉಳಿದಿತ್ತು.

"ಇಲ್ಲೇ ಮಾಡ್ಕೊಟ್ರೂ ಸರಿ. ಮನೆಗೆ ಬಾ ಅನ್ನೋಕೆ ನಂಗೆ ಮುಖ ಇಲ್ಲ."

ಮುಂದಿನ ಸೋಮವಾರ ಕೋರ್ಟು. ವಿಚ್ಛೇದನದ ಕಾಗದಕ್ಕೆ ಇಬ್ಬರೂ ಸಹಿ ಹಾಕಿಯಾಗಿತ್ತು. ಬಾಗಿಲು ಮುಚ್ಚಿದ್ದರೆ ಯಾರೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ. ಆದರೆ ಅತ್ತೆ...

"ನನ್ನ ಹತ್ರ ಎಲ್ಲಿದೆ ಓವನ್ನು? ನಡೀರಿ," ಎಂದು ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದಳು.

ಮನೆಯಲ್ಲಿ ಎಲ್ಲ ಇದ್ದಲ್ಲೇ ಇತ್ತು. ಅವಳ ಏಪ್ರನ್ ಸಹ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಲಾಡಿಯನ್ನು ಒಮ್ಮೆ ಮುಟ್ಟಿ ನೋಡಿದಳು. 'ಎತ್ತಿಡೋಕೆ ಸೋಮಾರಿತನ, ಇನ್ನೇನು!' ಎಂದು ತನಗೆ ತಾನೇ ಗದರಿಕೊಂಡಳು.

ಅವನು ಬ್ರೆಡ್ಡಿನ ಅಂಚು ಕತ್ತರಿಸಿ ಹಾಲಿನಲ್ಲಿ ನೆನೆಸಿದ. ಅವಳು ಈರುಳ್ಳಿ ಕೆಂಪಗೆ ಹುರಿದು, ಕೊತ್ತಂಬರಿ, ಜೀರಿಗೆ, ಲವಂಗದ ಪುಡಿ, ಅರಿಶಿನ ಹಾಕಿ, ಘಮ್ಮೆಂದಾಗ ಕೈಮಾ ಸುರಿದಳು. ಗಂಟಾಗದಂತೆ ಫೋರ್ಕಿನಿಂದ ಬಿಡಿಸುತ್ತಾ ಹೋದಳು. ಹುಳಿಗೆ ನಿಂಬೆರಸ, ಸಿಹಿಗೆ ಒಂದು ಹಿಡಿ ಒಣದ್ರಾಕ್ಷಿ. ಹಾಲು ಹಿಂಡಿದ ಬ್ರೆಡ್ಡು ಬೆರೆಸಿ, ಪಾತ್ರೆಗೆ ಒತ್ತಿ, ಮೇಲೆ ಮೊಟ್ಟೆ ಹಾಲಿನ ಹೊದಿಕೆ ಸುರಿದು, ಪಲಾವ್ ಎಲೆಯಿಟ್ಟು, ಓವನ್ನಿಗೆ ತಳ್ಳಿದಳು.

ಇಬ್ಬರ ಕೈಗಳೂ ಒಂದೇ ಬಾಣಲೆಯ ಸುತ್ತ ಓಡಾಡಿದವು. ಒಮ್ಮೆಯೂ ತಾಕಲಿಲ್ಲ.

ಇದನ್ನೆಲ್ಲ ಕಲಿಸಿದ್ದು ಅತ್ತೆಯೇ. ಮದುವೆಯಾದ ಹೊಸತರಲ್ಲಿ, ಮಗಳ ಮನೆಯಿಂದ ಒಂದು ವಾರದ ಮಟ್ಟಿಗೆ ಬಂದು, ಪಾತ್ರೆಯನ್ನೂ ಕೊಟ್ಟು ಹೋಗಿದ್ದರು. "ಅವನ ಜೀವ ಕಣೇ ಇದು!" ಎಂದಿದ್ದರು.

ಜೀವವಂತೆ! ನಾಲ್ಕು ವರ್ಷ, ತಿಂಗಳಿಗೊಂದು ಭಾನುವಾರ ತಪ್ಪದೆ ಮಾಡಿದಳು. ಆ ಹಳೇ ಓವನ್ನಿಗೆ ಹಿಂದಿನ ಎಡ ಮೂಲೆಯ ಮೇಲೆ ಎಂಥದೋ ಪಕ್ಷಪಾತ. ಆ ತುಂಡು ಮಾತ್ರ ಎರಡು ಕಡೆಯಿಂದ ಕೆಂಪಗೆ, ಗರಿಗರಿಯಾಗಿ ಬರುತ್ತಿತ್ತು. ಅದನ್ನೇ ಗಂಡನ ತಟ್ಟೆಗೆ ಹಾಕಿ, ಅವನ ಬಾಯನ್ನೇ ನೋಡುತ್ತಾ ಕೂರುತ್ತಿದ್ದಳು.

ಆ ಮೂಕಬಸವ ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಉಳಿದದ್ದನ್ನೆಲ್ಲ ತಿಂದು, ಆ ಮೂಲೆ ತುಂಡನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸಿ ಏಳುತ್ತಿದ್ದ. ಪ್ರತಿ ಸಲ!

'ಅಮ್ಮನ ಕೈರುಚಿ ಇಲ್ಲ ಅಂತ ತಾನೇ? ಬಾಯಿಬಿಟ್ಟು ಹೇಳಬಾರದಾ?' ಕಣ್ಣು ತುಂಬಿಕೊಂಡೇ ಅವಳು ಅದನ್ನು ಕಸದ ಬುಟ್ಟಿಗೆ ಕೆರೆಯುತ್ತಿದ್ದಳು. ಕಾರು ಕಲಿಸುವ ಶಾಲೆಯಲ್ಲಿ ದಿನವಿಡೀ "ಬ್ರೇಕ್! ಬ್ರೇಕ್!" ಎಂದು ಗಂಟಲು ಹರಿದುಕೊಳ್ಳುವವಳಿಗೆ ಮನೆಯಲ್ಲಿ ಒಂದು ಪ್ರಶ್ನೆ ಕೇಳಲು ಧೈರ್ಯ ಬರಲಿಲ್ಲ.

ಹೊರಟ ದಿನವೂ ಹಾಗೇ. 'ಹೋಗಬೇಡ ಅಂತ ಒಂದೇ ಒಂದು ಮಾತು ಹೇಳಿದ್ರೆ ನಿಂತುಬಿಡ್ತೀನಿ' ಎಂದುಕೊಂಡು ಬೇಕಂತಲೇ ನಿಧಾನವಾಗಿ ಮೆಟ್ಟಿಲಿಳಿದಿದ್ದಳು. ಆ ಪುಣ್ಯಾತ್ಮ ಅವಳ ಸೂಟ್‌ಕೇಸನ್ನು ತಾನೇ ಹೊತ್ತು ಟ್ಯಾಕ್ಸಿಯಲ್ಲಿಟ್ಟ! ಭಾರವಿತ್ತಂತೆ.

ಓವನ್ ಟಿಣ್ ಎಂದಿತು.

ಒಳಕೋಣೆಯಲ್ಲಿ ಅತ್ತೆ ದಿಂಬಿಗೊರಗಿದ್ದರು. ತುಂಬಿದ ಮೈಯ ಆ ಹೆಂಗಸು ಹೊದಿಕೆಯಡಿ ಇದ್ದಾರೋ ಇಲ್ಲವೋ ಎನ್ನುವಷ್ಟು ಇಳಿದಿದ್ದರು. ಅವಳನ್ನು ಕಂಡು ತುಟಿ ನಡುಗಿತು.

"ಬಂದ್ಯಾ... ಯಾಕೆ ಹೋದೆ ಅಂತ ಕೇಳಲ್ಲ ಕಣಮ್ಮ. ಅಷ್ಟು ಉಸಿರಿಲ್ಲ."

ಅವಳು ಕೆಂಪಗಾದ ಮೂಲೆ ತುಂಡಿನ ಪಕ್ಕದ ಮೆತ್ತನೆಯ ಭಾಗದಿಂದ ಅರ್ಧ ಚಮಚ ಬಾಯಿಗಿಟ್ಟಳು. ಅತ್ತೆ ಬಹಳ ಹೊತ್ತು ನಾಲಿಗೆಯ ಮೇಲೇ ಇಟ್ಟುಕೊಂಡರು. ನುಂಗಿದರು. ಇನ್ನರ್ಧ ಚಮಚ. ಮತ್ತೆ ಸಾಕೆಂದು ತಲೆಯಾಡಿಸಿಬಿಟ್ಟರು. ಅಷ್ಟೇ. ಇನ್ನೊಂದು ಭಾನುವಾರ ಇಲ್ಲವೆಂದು ಆ ಮನೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಆಮೇಲೆ ಅತ್ತೆ ಬಡಕಲು ಬೆರಳಿನಿಂದ ಆ ಮೂಲೆ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದರು.

ಅವಳು ಚಮಚ ಕೆಳಗಿಟ್ಟಳು. 'ಇವರೂನಾ!'

"ಅದೇ ಚೆನ್ನಾಗಿ ಬೆಂದಿರೋದು ಅತ್ತೆ. ಯಾಕೆ ಬೇಡ?"

"ಚೆನ್ನಾಗಿರೋದಕ್ಕೇ ಕಣೇ. ಅದು ನಿಂದು. ಮಾಡಿದವಳ ಪಾಲು."

"ಅಂದ್ರೆ?"

"ನಿಮ್ಮ ಮಾವ ಒಂದು ದಿನಾನೂ ಬಾಯ್ತುಂಬ ಹೊಗಳಿದವರಲ್ಲ. ಆ ಮೂಲೆ ಬಿಟ್ಟು ಏಳೋರು. ನಾನು ಅಡುಗೆಮನೇಲಿ ನಿಂತ್ಕೊಂಡೇ ತಿನ್ನೋಳು. ಅದೇ ನಮ್ಮ ಮನೆ ಹೊಗಳಿಕೆ..." ಅತ್ತೆ ಉಸಿರೆಳೆದುಕೊಂಡರು. "ಯಾಕೆ, ಇವನು ಬಿಡ್ತಿರಲಿಲ್ವಾ?"

"ಬಿಡ್ತಿದ್ರು," ಎಂದಳು.

"ಮತ್ತೆ? ನೀನೇನು ಮಾಡ್ತಿದ್ದೆ?"

ನಾಲ್ಕು ವರ್ಷ! ನಲವತ್ತಕ್ಕೂ ಹೆಚ್ಚು ಭಾನುವಾರ! ಏನಂತ ಹೇಳುವುದು? ಅವಳು ತಿರುಗಿ ನೋಡಿದಳು. ಬಾಗಿಲಲ್ಲಿ ಅವನು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

ಅತ್ತೆ ಹಾಗೇ ಮಂಪರಿಗೆ ಜಾರಿದರು. ಹೊದಿಕೆ ಸರಿಮಾಡಿ, ತಟ್ಟೆ ಹಿಡಿದು ಅವಳು ಅಡುಗೆಮನೆಗೆ ಬಂದಳು. ಅವನೂ ಹಿಂದೆಯೇ ಬಂದ.

"ನಾನು ಅದನ್ನ..."

"ಬುಟ್ಟಿಗೆ ಹಾಕ್ತಿದ್ದೆ ನೀನು," ಎಂದ ಅವನು ಮೆಲ್ಲಗೆ. "ನಾನು ನೋಡ್ತಿದ್ದೆ. ಮೊದಲನೇ ಸಲ ಹೊಟ್ಟೆ ತುಂಬಿರ್ಬೇಕು ಅಂದ್ಕೊಂಡೆ. ಆಮೇಲಾಮೇಲೆ... ನಾನು ಕೊಡೋದು ಯಾವುದೂ ನಿನಗೆ ಬೇಡ ಅನ್ನಿಸ್ತು."

"ನಿಮಗೆ ಅಮ್ಮನ ಅಡುಗೇನೇ ಬೇಕು, ನಾನು ಬೇಡ ಅಂದ್ಕೊಂಡಿದ್ದೆ ರೀ ನಾನು! ಕೇಳೋಕೆ ಬಾಯಿರಲಿಲ್ವಾ ನಿಮಗೆ?"

"ನಿನಗೂ ಇತ್ತಲ್ಲ..."

ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಸಿಂಕಿನ ಪಕ್ಕ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಒಳಗೆ ಒಂದು ಜೀವ ಹೋಗುತ್ತಿದೆ, ಹೊರಗೆ ನಾಲ್ಕು ವರ್ಷ ಆಗಲೇ ಹೋಗಿದೆ... ಯಾವುದಕ್ಕೆಂದು ಅಳುವುದು?

ಅವನು ತಟ್ಟೆಯನ್ನು ಅವಳ ಮುಂದಿಟ್ಟ.

"ತಣ್ಣಗಾಗ್ತಿದೆ," ಎಂದ.

ಅವಳು ನಿಂತುಕೊಂಡೇ, ಆ ಮೂಲೆ ತುಂಡನ್ನು ಮೊದಲ ಸಲ ಕಚ್ಚಿದಳು. ಗರಿಗರಿ ಅಂಚು, ಲವಂಗದ ಘಾಟು, ದ್ರಾಕ್ಷಿಯ ಸಿಹಿ. ಜೊತೆಗೆ ಅವಳದೇ ಕಣ್ಣೀರು.

"ಉಪ್ಪು ಕಮ್ಮಿ ಇದೆಯಲ್ರೀ!"

"ಯಾವಾಗಲೂ ಕಮ್ಮೀನೇ."

"ಅದನ್ನಾದ್ರೂ ಹೇಳ್ಬಾರದಾ?"

"ಹೇಳಿದ್ರೆ ಮತ್ತೆ ಮಾಡ್ತೀಯೋ ಇಲ್ವೋ ಅಂತ ಭಯ."

ಅಳುವಿನ ನಡುವೆ ಅವಳಿಗೆ ನಗು ಬಂದುಬಿಟ್ಟಿತು. ಮರುಕ್ಷಣ ಸೋಮವಾರ ನೆನಪಾಗಿ ಆ ನಗುವೂ ನಿಂತಿತು. ಮೂಲೆಯಲ್ಲಿಟ್ಟಿದ್ದ ತನ್ನ ಚೀಲದ ಕಡೆ ಅವಳ ಕಣ್ಣು ಹೋಯಿತು. 'ಈಗಲೂ ಸುಮ್ಮನಿರ್ತಾರಾ? ಚೀಲ ತಂದು ಕೈಗೆ ಕೊಡ್ತಾರಾ?'

ಅವನೂ ಆ ಚೀಲವನ್ನೇ ನೋಡಿದ. ಗಂಟಲು ಸರಿಮಾಡಿಕೊಂಡ. ತುಟಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಹೋಗಬೇಡ."

"ಏನಂದ್ರಿ?"

"ಹೋಗಬೇಡ ಕಣೇ. ಅವತ್ತು ಸೂಟ್‌ಕೇಸ್ ಹಿಡ್ಕೊಂಡಾಗಲೂ ಇದೇ ಬಾಯಲ್ಲಿತ್ತು. ಬರಲಿಲ್ಲ."

ಅವಳು ಉಳಿದ ತುಂಡನ್ನು ಎರಡಾಗಿ ಮುರಿದಳು. ಗರಿಗರಿ ಅಂಚಿದ್ದ ಅರ್ಧವನ್ನು ಅವನ ಬಾಯಿಗಿಟ್ಟಳು.

"ಇದು ಮಾಡಿದವಳ ಪಾಲು..." ಎಂದ ಅವನು ತಡವರಿಸುತ್ತಾ.

"ಬ್ರೆಡ್ಡು ನೆನೆಸಿದ್ದು ನೀವೇ ಅಲ್ವಾ? ತಿನ್ನಿ. ತಿಂದು, ಹೇಗಿದೆ ಅಂತ ಬಾಯಿಬಿಟ್ಟು ಹೇಳಿ."