ಅಳಿಸಿದ ಹೆಸರು

ಕೊಳ್ಳೇಗಾಲದ ನಮ್ಮ ರೇಷ್ಮೆ ಮಗ್ಗದ ಶೆಡ್ಡಿನಲ್ಲಿ ಮಗ್ಗಗಳನ್ನು ಓಡಿಸುವ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಅದರಲ್ಲಿ ಸುಡೋ ಎಂಬ ಮುಕ್ತ ತಂತ್ರಾಂಶವಿದೆ. ಪೂರ್ತಿ ಯಜಮಾನಿಕೆ ಬಿಟ್ಟುಕೊಡದೆ, ಒಬ್ಬೊಬ್ಬರಿಗೆ ಬೇಕಾದಷ್ಟೇ ಅಧಿಕಾರ ಕೊಡಲು ಅದು ಅನುಕೂಲ. ಹಿರಿಯ ನೇಕಾರ ಚಿಕ್ಕಸಿದ್ದಯ್ಯನವರಿಗೆ ಮಗ್ಗ ಓಡಿಸುವ, ನಿಲ್ಲಿಸುವ ಅಧಿಕಾರವನ್ನಷ್ಟೇ ಕೊಟ್ಟಿದ್ದೆ. ಅವರು ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ಅಧಿಕಾರದ ಪಟ್ಟಿಯಿಂದ ಅವರ ಹೆಸರನ್ನು ಅಳಿಸಿದೆ.

ಆಗ ಶೆಡ್ಡಿನಲ್ಲಿ ನಾನು ಮತ್ತು ಮಗ್ಗ ನೇಯುವ ದೊಡ್ಡಬಸಮ್ಮ ಇಬ್ಬರೇ ಇದ್ದೆವು. ಅವರು ಓಡದೆ ನಿಂತಿದ್ದ ಮಗ್ಗದೊಳಗೆ ಕೈಯಿಟ್ಟು ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದರು. ಹೊರಗೆ ಸುಡುಬಿಸಿಲು. ನನ್ನ ಬೆರಳಡಿಯ ಕೀಬೋರ್ಡ್ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗಾಯಿತು.

ದೊಡ್ಡಬಸಮ್ಮ ಮೂಗೆಳೆದುಕೊಂಡು, "ಚಿಕ್ಸಿದ್ದಣ್ಣ ಜಗೀತಿದ್ದ ಒಗೆಸೊಪ್ಪಿನ ವಾಸ್ನೆ ಕಣವ್ವಾ," ಎಂದರು. ನನಗೂ ಬಂತು, ಕಿವಿಯ ಪಕ್ಕದಲ್ಲೇ.

ಅಷ್ಟರಲ್ಲಿ ಮಗ್ಗ ತಾನಾಗಿ ಓಡತೊಡಗಿತು.

"ನಿಲ್ಸವ್ವಾ! ಕೈ ಸಿಕ್ಕಾಕಂಡದೆ!"

ನಿಲ್ಲಿಸುವ ಆಜ್ಞೆ ಕೊಟ್ಟೆ. ನಿನಗೆ ಅಧಿಕಾರವಿಲ್ಲ ಎಂದಿತು ಪರದೆ. ಇನ್ನೊಮ್ಮೆ ಕೊಟ್ಟೆ, ಅದೇ ಉತ್ತರ. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಅವರ ಎರಡು ಬೆರಳು ಜಜ್ಜಿಹೋಗಿದ್ದವು. ಪುಣ್ಯಕ್ಕೆ ಕೈ ಉಳಿಯಿತು.

ಪಟ್ಟಿ ತೆರೆಯಲೂ ನನಗೆ ಅಧಿಕಾರವಿಲ್ಲ ಎಂದಿದ್ದರಿಂದ, ಆಮೇಲೆ ಕಂಪ್ಯೂಟರ್ ಬಿಚ್ಚಿ, ಅದರ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ನೋಡಿದೆ. ಅಧಿಕಾರ ಇದ್ದವರ ಪಟ್ಟಿಯಲ್ಲಿ ಚಿಕ್ಕಸಿದ್ದಯ್ಯನವರ ಹೆಸರಿರಲಿಲ್ಲ. ನನ್ನದೂ ಇರಲಿಲ್ಲ. ಆ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ಇದ್ದದ್ದು ನನ್ನೊಬ್ಬಳಿಗೇ.