ಖಾಲಿ ದೋಸೆ ಹೋಟೆಲಿನಲ್ಲಿ ಮಾಯವಾದ ಬ್ಯಾಗು

“ಅಜ್ಜೀ, ನನ್ನ ಬ್ಯಾಗ್ ಎಲ್ಲಿ?”

ನನ್ನ ಎದುರು ಕುಳಿತಿದ್ದ ಹುಡುಗಿ ತಟ್ಟನೆ ಎದ್ದು ನಿಂತಳು. ಕುರ್ಚಿಯ ಬೆನ್ನನ್ನು ಸವರಿ ನೋಡಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು. ಎಲ್ಲಿಯೂ ಇಲ್ಲ.

“ಕುರ್ಚಿಗೇ ನೇತಾಕಿದ್ದಲ್ಲವ್ವಾ,” ಎಂದರು ಪಕ್ಕದಲ್ಲಿದ್ದ ಅಜ್ಜಿ. ಅವರ ಕೈ ಕಾಫಿ ಲೋಟದ ಮೇಲೇ ನಿಂತುಬಿಟ್ಟಿತು.

ನನ್ನ ಬಾಯಲ್ಲಿ ಖಾಲಿ ದೋಸೆಯ ಮೊದಲ ತುತ್ತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಈ ಹೋಟೆಲಿನಲ್ಲಿ ಬೆಳಗಿನ ಹೊತ್ತು ಕುರ್ಚಿ ಸಿಗಬೇಕಾದರೆ ತಿನ್ನುತ್ತಿರುವವರ ಬೆನ್ನ ಹಿಂದೆ ನಿಂತು, ಅವರು ಕಾಫಿಗೆ ಬಂದರೋ ಇಲ್ಲವೋ ಎಂದು ಕಣ್ಣಿಟ್ಟು ಕಾಯಬೇಕು. ನಾಚಿಕೆಪಟ್ಟರೆ ಉಪವಾಸವೇ ಗತಿ. ನಾನೂ ನನ್ನ ರಂಜನಾ ಅತ್ತೆಯೂ ಹಾಗೆ ಕಾದು, ಗುರುತು ಪರಿಚಯವಿಲ್ಲದ ಇವರ ಮೇಜಿನಲ್ಲಿ ಜಾಗ ಹಿಡಿದಿದ್ದೆವು. ಅದೂ ಒಬ್ಬ ಪುಣ್ಯಾತ್ಮನ ದಯೆಯಿಂದ. ಈ ಹುಡುಗಿಯ ಬೆನ್ನ ಹಿಂದೆ ಜರ್ಕಿನ್ ತೋಳಿಗೆ ಹಾಕಿಕೊಂಡು ನಿಂತಿದ್ದ ಯುವಕ, ಎದುರಿನ ಒಂದು ಕುರ್ಚಿ ಖಾಲಿಯಾದಾಗ ಅತ್ತೆಗೆ, ಇನ್ನೊಂದು ಖಾಲಿಯಾದಾಗ ನನಗೆ, “ಕೂತ್ಕೊಳಿ ಮೇಡಂ” ಎಂದು ಬಿಟ್ಟುಕೊಟ್ಟಿದ್ದ. ಬೆಂಗಳೂರಿನಲ್ಲಿ ಇಂಥವರೂ ಇದ್ದಾರಲ್ಲ ಎಂದು ನಾನು ಕರಗಿಹೋಗಿದ್ದೆ.

“ಬ್ಯಾಗಲ್ಲಿ ಏನಿತ್ತಮ್ಮ?” ಅತ್ತೆ ಕೇಳಿದರು.

“ಎಲ್ಲಾ ಒರಿಜಿನಲ್ಸ್ ಆಂಟಿ. ಮಾರ್ಕ್ಸ್ ಕಾರ್ಡು, ಡಿಗ್ರಿ, ಜಾತಿ ಸರ್ಟಿಫಿಕೇಟು…” ಹುಡುಗಿಯ ತುಟಿ ಬೆಳ್ಳಗಾಗಿತ್ತು. “ಟೀಚರ್ ಪೋಸ್ಟು. ಹನ್ನೊಂದು ಗಂಟೆಗೆ ವೆರಿಫಿಕೇಷನ್. ಇವತ್ತು ತೋರಿಸ್ದೇ ಇದ್ರೆ ನನ್ನ ಕೆಲ್ಸ ಮುಂದಿನವ್ರಿಗೆ ಹೋಗುತ್ತೆ.”

ಗೋಡೆಯ ಗಡಿಯಾರದಲ್ಲಿ ಹತ್ತಾಗುತ್ತಾ ಬಂದಿತ್ತು. ಕಚೇರಿ ಇದ್ದದ್ದು ಶಿವಾಜಿನಗರದ ಆಚೆ. ಹಲಸೂರಿನ ಟ್ರಾಫಿಕ್ಕು ನೆನೆಸಿಕೊಂಡು ನಾನೇ ತಟ್ಟೆ ಪಕ್ಕಕ್ಕೆ ಸರಿಸಿದೆ. ಆ ಹುಡುಗಿಯ ಪಾಡು ಹೇಗಿರಬೇಡ!

ಹುಡುಗಿಯ ಹೆಸರು ತೇಜಶ್ರೀ. ಊರು ಕೆ.ಆರ್. ಪುರದ ಹತ್ತಿರ. ಅಜ್ಜಿ ದೊಡ್ಡಮುನಿಯಮ್ಮ. ಅಷ್ಟು ಗೊತ್ತಾಗುವುದರೊಳಗೆ ಆ ಪುಣ್ಯಾತ್ಮ ಬಾಗಿಲಿನಿಂದ ಒಳಗೆ ಬಂದ. ಅವನು ದೀಪು, ಅಜ್ಜಿಯ ಮಗಳ ಮಗ. ತೇಜಶ್ರೀಯೊಂದಿಗೆ ಮದುವೆ ಗೊತ್ತಾಗಿತ್ತು.

“ದೀಪು, ಬ್ಯಾಗ್ ಇಲ್ಲ!”

“ಏನು? ನಾನು ಈಗ ತಾನೇ ಗಾಡಿ ನೋಡ್ಕೊಂಡು ಬರೋಣ ಅಂತ ಹೋದೆ, ಟೋಯಿಂಗ್‌ನವ್ರು ಎತ್ಕೊಂಡು ಹೋದಾರು ಅಂತ…” ಅವನು ತಲೆ ಮೇಲೆ ಕೈ ಇಟ್ಟುಕೊಂಡ. “ನನ್ನ ಪಕ್ಕ ಒಬ್ಬ ನಿಂತಿದ್ದ. ನೀಲಿ ಶರ್ಟು, ಕೈಯಲ್ಲಿ ಹೆಲ್ಮೆಟ್ಟು. ಅವ್ನೆಲ್ಲಿ?”

ಹೌದು, ಒಬ್ಬ ನಿಂತಿದ್ದ. ಈಗ ಇರಲಿಲ್ಲ.

ಹೋಟೆಲಿನ ಯಜಮಾನರು ಮುನಿರಾಜಪ್ಪ ಗಲ್ಲಾ ಬಿಟ್ಟು ಓಡಿ ಬಂದರು. ಕ್ಯಾಮೆರಾ ಇದೆಯಾ ಎಂದು ನಾನು ಕೇಳಿದೆ.

“ಇದೆಯಮ್ಮ. ಆದ್ರೆ ಅದು ಗಲ್ಲಾ ಮಾತ್ರ ನೋಡುತ್ತೆ,” ಎಂದರು, ತಪ್ಪು ಮಾಡಿದವರಂತೆ.

“ಅವ್ನೇ ಎತ್ಕೊಂಡು ಹೋಗಿರೋದು,” ದೀಪು ದನಿ ಏರಿಸಿದ. “ಮೊದ್ಲು ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡೋಣ. ಅದಿಲ್ದೆ ಡೂಪ್ಲಿಕೇಟ್ ಸಿಗಲ್ಲ. ನಡಿ ತೇಜು.”

“ಸ್ಟೇಷನ್‌ಗೆ ಹೋದ್ರೆ ಹನ್ನೊಂದು ಅಲ್ಲೇ ಆಗೋಗುತ್ತೆ,” ತೇಜಶ್ರೀ ಅಳುತ್ತಿದ್ದಳು.

“ಬೇರೆ ದಾರಿ ಏನಿದೆ ಹೇಳು?”

ಅತ್ತೆ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಅವರು ನಿವೃತ್ತರಾಗಿದ್ದು ವಿಮಾ ಕಂಪನಿಯ ತನಿಖಾ ವಿಭಾಗದಿಂದ. ಸುಟ್ಟ ಗೋಡೌನು, ಕದ್ದ ಲಾರಿ ಎಂದು ಸುಳ್ಳು ಕ್ಲೇಮು ಹಾಕಿದವರನ್ನು ಹಿಡಿಯುವುದೇ ಅವರ ಉದ್ಯೋಗವಾಗಿತ್ತು. ಇಂಥ ಹೊತ್ತಿನಲ್ಲಿ ಅವರು ಎಷ್ಟು ನಿಧಾನವಾಗುತ್ತಾರೆಂದರೆ ಪಕ್ಕದಲ್ಲಿದ್ದವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

“ಅತ್ತೆ, ಏನಾದ್ರೂ ಮಾಡಿ!”

“ಚಿನ್ಮಯಿ, ನೀನು ಒಳಗಡೆ ಹಾಲ್ ನೋಡ್ಕೊಂಡು ಬಾ.”

ಒಳಗಿನ ಹಾಲಿಗೆ ನಾನು ಕಾಲಿಡುವ ಮೊದಲೇ ಗಲಾಟೆ ಕೇಳಿಸಿತು. ದೀಪುವಿನ ಮಾತು ಕೇಳಿದ್ದ ಇಬ್ಬರು ಗಿರಾಕಿಗಳು ನೀಲಿ ಶರ್ಟಿನವನನ್ನು ಅಲ್ಲಿಯೇ ಹಿಡಿದಿದ್ದರು. ಅವನ ಮುಂದೆ ಅರ್ಧ ತಿಂದ ಕೇಸರಿಬಾತು. ಒಬ್ಬ ಅವನ ಕಾಲರಿಗೆ ಕೈ ಹಾಕಿದ್ದ, ಇನ್ನೊಬ್ಬ ಅವನ ಬ್ಯಾಗನ್ನು ಮೇಜಿನ ಮೇಲೆ ಕೊಡವಿದ್ದ. ಮಳೆ ಕೋಟು, ಚಾರ್ಜರು, ಊಟದ ಡಬ್ಬಿ. ಅಷ್ಟೇ.

“ನಾನೇನ್ ಮಾಡ್ದೆ ಸಾರ್?” ಅವನ ಹೆಸರು ಸೈಫ್, ಪುಲಿಕೇಶಿನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸ.

“ಬಿಡ್ರೀ ಅವರನ್ನ!” ಎಂದು ಕೂಗಿದವಳು ನಾನೇ. ನನಗೆ ಅಷ್ಟು ಗಂಟಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಅತ್ತೆ ಹಿಂದೆಯೇ ಬಂದು ಅವನ ಎದುರು ಕೂತರು. “ಸೈಫ್, ನೀವು ಆ ಮೇಜಿನ ಹತ್ರ ಕಾಯ್ತಿದ್ರಲ್ಲ? ಯಾಕೆ ಬಿಟ್ಟು ಬಂದ್ರಿ?”

“ಇಲ್ಲಿ ಜಾಗ ಇದೆ ಅಂತ ಕರೆದ್ರು ಮೇಡಂ. ಬಂದೆ.”

“ಆ ಮೇಜಲ್ಲಿ ಮೊದಲ ಸರದಿ ಯಾರದ್ದು?”

“ಆ ಜರ್ಕಿನ್ ಅಣ್ಣಂದು. ಅವರು ನಿಮಗೆ ಬಿಟ್ಟುಕೊಟ್ರು. ಆಮೇಲೆ ಇನ್ನೊಂದು ಖಾಲಿ ಆಯ್ತು. ಈಗಾದ್ರೂ ಕೂತ್ಕೊಳಿ ಅಣ್ಣ ಅಂದೆ. ನಂದು ತಿಂಡಿ ಆಗಿದೆ ಅಂದ್ರು.”

“ಹಾಗಂದ್ರಾ?”

“ಹೌದು ಮೇಡಂ. ಖುದಾ ಕಸಮ್.”

ಅತ್ತೆ ಎದ್ದರು. ನೇರ ತೇಜಶ್ರೀಯ ಬಳಿ ಹೋದರು.

“ತೇಜಶ್ರೀ, ಈ ಹೋಟೆಲ್‌ಗೆ ಬರೋಣ ಅಂದಿದ್ದು ಯಾರು?”

“ದೀಪು. ನಾನು ಸೀದಾ ಹೋಗೋಣ ಅಂದೆ. ಹೊಟ್ಟೆ ಹಸಿದು ಸಾಯ್ತಿದೀನಿ, ಇಲ್ಲಿ ಖಾಲಿ ದೋಸೆ ತಿಂದೇ ಹೋಗ್ಬೇಕು ಅಂದ. ಅವನು ಸ್ಕೂಟರಲ್ಲಿ ಬಂದ, ನಾವು ಆಟೋದಲ್ಲಿ ಬಂದ್ವಿ.”

“ಅವನು ಏನು ತಿಂದ?”

ತೇಜಶ್ರೀ ಮೇಜನ್ನು ನೋಡಿದಳು. ಅವಳ ತಟ್ಟೆ, ಅಜ್ಜಿಯ ತಟ್ಟೆ, ಅತ್ತೆಯದು, ಆರಿಹೋಗಿದ್ದ ನನ್ನ ದೋಸೆ. ಬೇರೆ ತಟ್ಟೆ ಇರಲಿಲ್ಲ.

“ಆಂಟಿ, ಜಾಗ ಸಿಗ್ಲಿಲ್ಲ, ಅದಕ್ಕೆ…” ಎಂದ ದೀಪು.

“ಸಿಕ್ತಲ್ಲಪ್ಪ. ಎರಡು ಸಲ ಸಿಕ್ತು. ಮದುವೆ ಆಗೋ ಹುಡುಗಿ ಎದುರಿಗೇ ಸಿಕ್ತು. ಒಂದು ಸಲ ಬಿಟ್ಟುಕೊಟ್ಟೆ, ವಯಸ್ಸಾದವಳು ಅಂತ ಮರ್ಯಾದೆ ಕೊಟ್ಟೆ ಅನ್ಕೊಂಡೆ. ಇನ್ನೊಂದು ಸಲ ನನ್ನ ಸೊಸೆಗೆ ಬಿಟ್ಟುಕೊಟ್ಟೆ. ಹಸಿದು ಸಾಯ್ತಿರೋನು ಹಂಗೆ ಮಾಡ್ತಾನಾ?”

“ಒಳ್ಳೇತನ ತೋರ್ಸಿದ್ದೂ ತಪ್ಪಾ?”

“ತಪ್ಪಲ್ಲ. ಆದ್ರೆ ಎದುರು ಬಂದು ಕೂತಿದ್ರೆ ನಿನ್ನ ಕೈ ಎರಡೂ ಮೇಜಿನ ಮೇಲೆ ಇರ್ತಿತ್ತು. ಬ್ಯಾಗು ಇದ್ದಿದ್ದು ಅವಳ ಬೆನ್ನ ಹಿಂದೆ. ಅದನ್ನ ತಗೊಳೋಕೆ ನೀನು ಅಲ್ಲೇ ನಿಂತಿರ್ಬೇಕಿತ್ತು. ಕುರ್ಚಿಗೆ ಕಾಯೋರು ಹಿಂದೆ ನಿಂತ್ರೆ ಈ ಊರಲ್ಲಿ ಯಾರೂ ತಿರುಗಿ ನೋಡಲ್ಲ, ಅಲ್ವಾ?” ಅತ್ತೆ ಅವನ ತೋಳನ್ನೇ ನೋಡುತ್ತಿದ್ದರು. “ಜರ್ಕಿನ್ ಎಲ್ಲಪ್ಪ? ಹೊರಗೆ ಹೋಗುವಾಗ ಕೈಯಲ್ಲಿತ್ತು. ಬರುವಾಗ ಇಲ್ಲ.”

ಅವನು ಜರ್ಕಿನ್ ಹಿಡಿದು ಹೊರಗೆ ಹೋದದ್ದನ್ನು ನಾನು ನೋಡಿದ್ದೆ. ಕಣ್ಣಾರೆ ನೋಡಿದ್ದೆ! ಕುರ್ಚಿ ಕೊಟ್ಟವನ ಮೇಲೆ ಅನುಮಾನ ಪಡುವುದು ನನ್ನಿಂದಾಗಿರಲಿಲ್ಲ.

“ಸ್ಕೂಟರ್ ಬೀಗದ ಕೈ ಕೊಡು.”

ದೀಪು ಅಲುಗಾಡಲಿಲ್ಲ. ತೇಜಶ್ರೀಯೇ ಮುಂದೆ ಬಂದು ಅವನ ಅಂಗಿಯ ಜೇಬಿಗೆ ಕೈ ಹಾಕಿ ಕೀ ತೆಗೆದುಕೊಂಡಳು. ಎಲ್ಲರೂ ಅವಳ ಹಿಂದೆಯೇ ರಸ್ತೆಗಿಳಿದೆವು. ಡಿಕ್ಕಿ ತೆರೆದಾಗ ಮೇಲೆ ಜರ್ಕಿನ್ ಇತ್ತು, ಅದರ ಕೆಳಗೆ ಮಡಚಿ ತುರುಕಿದ್ದ ಕಂದು ಬ್ಯಾಗು. ತೇಜಶ್ರೀ ಕಾಗದಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲವೂ ಇದ್ದವು. ನಾನು ಆಗ ಉಸಿರು ಬಿಟ್ಟೆ.

“ಸಂಜೆ ವಾಪಸ್ ಕೊಡ್ತಿದ್ದೆ ತೇಜು,” ದೀಪು ನೆಲ ನೋಡುತ್ತಾ ಹೇಳಿದ. “ನಿಂಗೆ ರಾಯಚೂರು ಕಡೆ ಹಾಕ್ತಾರಂತೆ. ಅಲ್ಲಿಗೆ ಹೋದ್ಮೇಲೆ ನಂಗ್ಯಾಕೆ ಕಾಯ್ತೀಯ? ಇದೊಂದು ತಪ್ಪೋದ್ರೆ ಇಲ್ಲೇ ಇರ್ತೀಯ ಅಂತ…”

“ಬೇಡ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತಲ್ಲ ದೀಪು. ಜಗಳ ಆಡ್ತಿದ್ವಿ. ಅಷ್ಟೇ ತಾನೇ?” ಅವಳು ಅಳುವುದನ್ನು ನಿಲ್ಲಿಸಿದ್ದಳು. ಬಾಗಿಲ ಬಳಿ ನಿಂತಿದ್ದ ಸೈಫ್ ಕಡೆ ಕೈ ತೋರಿಸಿದಳು. “ಅವ್ರಿಗೆ ನಾಲ್ಕು ಏಟು ಬಿದ್ದಿದ್ರೆ? ಹೋಗು, ಕ್ಷಮೆ ಕೇಳು.”

ದೀಪು ಹೋಗಿ ಕೇಳಿದ. ಸೈಫ್ “ಪರವಾಗಿಲ್ಲ” ಎನ್ನಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ಹಾಗೆ ಹೋದದ್ದೇ ಸರಿ ಎನಿಸಿತು ನನಗೆ.

ತೇಜಶ್ರೀ ಸಮಯಕ್ಕೆ ಸರಿಯಾಗಿ ತಲುಪಿದಳು, ಅವಳ ಕಾಗದಗಳೆಲ್ಲ ಸರಿಯಾಗಿದ್ದವು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಅವಳು ಫೋನ್ ಮಾಡುವ ತನಕ ನಾನು ಪಟ್ಟ ಪಾಡು ನಿಮಗೆ ಬೇಡ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆಟೋ ಹೊರಡುವ ಮೊದಲು ನಡೆದದ್ದು.

ಮುನಿರಾಜಪ್ಪನವರೇ ಆಟೋ ನಿಲ್ಲಿಸಿದರು. ತೇಜಶ್ರೀ ಬ್ಯಾಗನ್ನು ಎದೆಗವಚಿಕೊಂಡು ಒಳಗೆ ಕೂತಳು. ದೊಡ್ಡಮುನಿಯಮ್ಮ ಇನ್ನೂ ರಸ್ತೆಯಲ್ಲೇ ನಿಂತಿದ್ದರು. ಒಂದು ಕಡೆ ಮಗನ ಮಗಳು, ಇನ್ನೊಂದು ಕಡೆ ಮಗಳ ಮಗ. ಅವರ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ.

ದೀಪು ಅವರ ಕೈ ಹಿಡಿದುಕೊಂಡ. “ಅಜ್ಜಿ, ನೀನಾದ್ರೂ ಅವ್ಳಿಗೆ ಹೇಳು. ಮನೇಲಿ ಯಾರಿಗೂ ಹೇಳೋದು ಬೇಡ ಅಂತ ಹೇಳು. ನೀನೇ ತಾನೇ ಈ ಸಂಬಂಧ ಮಾಡಿದ್ದು?”

ಅಜ್ಜಿ ಅವನ ಕೆನ್ನೆ ಸವರಿದರು. ಚಿಕ್ಕ ಮಗುವಿಗೆ ಸವರುವಂತೆ ಪ್ರೀತಿಯಿಂದಲೇ ಸವರಿದರು.

“ಹೂಂ ಕಣಪ್ಪ, ನಾನೇ ಮಾಡಿದ್ದು. ಅದಕ್ಕೇ ಈ ಸಂಬಂಧ ಬ್ಯಾಡ ಅಂತ ನಿಮ್ಮವ್ವನಿಗೂ ನಾನೇ ಏಳ್ತೀನಿ. ನೀನು ಮನೆಗೋಗಿ ಏನಾನಾ ಉಣ್ಣು.”

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಟೋ ಹತ್ತಿ, ಮೊಮ್ಮಗಳ ಪಕ್ಕ ಕೂತರು.