ಕಾಲು ಮೈಲಿಗೆ ಕಟ್ಟಿದ ಸ್ಪ್ರಿಂಗ್

1957ನೇ ಇಸವಿ ಅಕ್ಟೋಬರ್ ಮೂರು, ಗುರುವಾರ, ವಿಜಯದಶಮಿ. ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾಗಡಿ ರಸ್ತೆಯ ಠಾಣೆಗೆ ಬಂದ ದೂರು, ಸಬ್ ಇನ್‌ಸ್ಪೆಕ್ಟರ್ ಗಂಗಾಧರಯ್ಯನವರ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಂಥದ್ದು ಮೊದಲನೆಯದು. ರಾಜಾಜಿನಗರದ ಒಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ ಕಾರು ನಿಂತಲ್ಲೇ ಇತ್ತು. ಅದರ ಹಿಂಬದಿಯ ಎರಡು ಸ್ಪ್ರಿಂಗುಗಳು ಮಾತ್ರ ಇರಲಿಲ್ಲ.

ದೂರು ತಂದವರು ಕಾರಿನ ಒಡತಿ ಪಂಕಜಾ. ಇಪ್ಪತ್ತಾರು ವರ್ಷ, ಹತ್ತಿ ಸೀರೆ, ಬಲಗೈ ಹೆಬ್ಬೆರಳಿನಲ್ಲಿ ತೊಳೆದರೂ ಹೋಗದ ಗ್ರೀಸಿನ ಕಪ್ಪು. ಕಾರು ತೀರಿಹೋದ ತಂದೆಯದು, 1941ರ ಅಮೆರಿಕನ್ ಗಾಡಿ. ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಕೆಂಗೇರಿಯಾಚೆ ಮೈಸೂರು ರಸ್ತೆಯ ನೇರವಾದ ತುಂಡಿನಲ್ಲಿ ಮೋಟಾರು ಸಂಘವೊಂದು ಪಂದ್ಯ ಏರ್ಪಡಿಸಿತ್ತು. ಎರಡೆರಡು ಕಾರುಗಳು ಪಕ್ಕಪಕ್ಕ ನಿಂತು, ಬಾವುಟ ಬಿದ್ದೊಡನೆ ಹೊರಟು, ಕಾಲು ಮೈಲಿ ಓಡಬೇಕು. ಹೋದ ವರ್ಷ ಕಂಟೋನ್ಮೆಂಟಿನ ಶ್ರೀಮಂತರೊಬ್ಬರ ಎದುರು ಆಕೆ ಒಂದು ಕಾರಿನಷ್ಟು ಅಂತರದಲ್ಲಿ ಸೋತಿದ್ದರು. ಈ ಸಲದ್ದೇ ಕೊನೆಯ ಓಟವೆಂದು ತಾಯಿ ಯಶೋದಮ್ಮನವರಿಗೆ ಮಾತು ಕೊಟ್ಟಿದ್ದರು.

"ಅನುಮಾನ ಯಾರ ಮೇಲೆ?"

"ಅವರ ಮೇಲೇ. ಇನ್ಯಾರಿಗೆ ಬೇಕು ಸಾರ್, ಬರೀ ಸ್ಪ್ರಿಂಗು?"

ಕಲಂ 380ರ ಅಡಿಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಾಯಿತು. ಒಂಬತ್ತೂ ಮುಕ್ಕಾಲಿಗೆ ಗಂಗಾಧರಯ್ಯನವರು ದಫೇದಾರ್ ಕೆಂಪಯ್ಯನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಶೆಡ್ಡಿಗೆ ಹೋದರು.

ಶೆಡ್ಡಿನ ಒಳಗೆ ಹಿಂದಿನ ದಿನದ ಆಯುಧಪೂಜೆ ಇನ್ನೂ ಹಾಗೆಯೇ ಇತ್ತು. ಹಲಗೆಯ ಮೇಲೆ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದಕ್ಕೆ ಮಲಗಿದ್ದವು. ಪ್ರತಿಯೊಂದರ ಮೇಲೂ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು, ಒಂದೊಂದು ಚೆಂಡುಹೂವು. ಪಕ್ಕದಲ್ಲಿ ಜಾಕಿ, ಸುತ್ತಿಗೆ, ಡ್ರಿಲ್ಲು. ಒಂದು ಬೊಟ್ಟೂ ಕದಡಿರಲಿಲ್ಲ, ಒಂದು ಹೂವೂ ಜಾರಿರಲಿಲ್ಲ.

"ಕಳ್ಳ ದೊಡ್ಡ ಭಕ್ತ ಸಾರ್," ಎಂದ ಕೆಂಪಯ್ಯ. "ಸ್ಪ್ಯಾನರ್ ಮುಟ್ಟದೆ ನಟ್ಟು ಬಿಚ್ಚಿದಾನೆ. ಮಂತ್ರ ಹಾಕಿರ್ಬೇಕು."

ಗಂಗಾಧರಯ್ಯನವರು ನಗಲಿಲ್ಲ. ಅವರು ಮಂಡಿಯೂರಿ ಕಾರಿನ ಅಡಿಗೆ ಬಗ್ಗಿ ನೋಡುತ್ತಿದ್ದರು. ಹಿಂದಿನ ಅಚ್ಚು ಎರಡು ಮರದ ದಿಮ್ಮಿಗಳ ಮೇಲೆ ಮಟ್ಟಸವಾಗಿ ಕೂತಿತ್ತು. ಬ್ರೇಕಿನ ತೆಳು ಕೊಳವೆ ಜಗ್ಗಬಾರದೆಂದು ಅದನ್ನು ಯಾರೋ ಸೆಣಬಿನ ದಾರದಿಂದ ಮೇಲಕ್ಕೆ ಎತ್ತಿ ಕಟ್ಟಿದ್ದರು. ಕದ್ದು ಓಡುವವನಿಗೆ ಆ ದಾರ ಕಟ್ಟುವ ವ್ಯವಧಾನ ಎಲ್ಲಿಂದ ಬರಬೇಕು? ಅವರು ಆ ದಾರವನ್ನು ಪಂಚನಾಮೆಯಲ್ಲಿ ಬರೆಸಿದರು. ಗಂಟಿನ ಬಗೆಯನ್ನೂ ಬರೆಸಿದರು.

ಶೆಡ್ಡಿನ ಯಜಮಾನ ರೇವಣಸಿದ್ದಯ್ಯ ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದ. ಐವತ್ತೆಂಟರ ವಯಸ್ಸು, ಹಣೆಯ ತುಂಬ ವಿಭೂತಿ. ಹೆಗ್ಗನಹಳ್ಳಿಯಿಂದ ದಿನವೂ ಸೈಕಲ್ಲಿನಲ್ಲಿ ಬಂದು ಹೋಗುವವನು. ಪಂಕಜಾರ ತಂದೆಯ ಕಾಲದಿಂದಲೂ ಆ ಕಾರಿಗೆ ಬೇರೆ ಕೈ ತಾಗಿರಲಿಲ್ಲ.

"ಆ ಸ್ಪ್ರಿಂಗಿನಲ್ಲಿ ಏನು ವಿಶೇಷ?"

ಮೇಸ್ತ್ರಿ ವಿವರಿಸಿದ. ನಿಂತ ಗಾಡಿಗೆ ಒಮ್ಮೆಲೇ ಪೂರ್ತಿ ಜೋರು ಕೊಟ್ಟರೆ ಹಿಂದಿನ ಅಚ್ಚು ತಿರುಚಿಕೊಳ್ಳುತ್ತದೆ, ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು, ಅದು ಹಾವಿನಂತೆ ಡೊಂಕಾಗಿ ಮತ್ತೆ ಚಿಮ್ಮುತ್ತದೆ. ಆಗ ಚಕ್ರ ಕುಣಿಯುತ್ತದೆ; ಕುಣಿಯುವ ಚಕ್ರ ನೆಲ ಹಿಡಿಯುವುದಿಲ್ಲ. ಹೋದ ವರ್ಷ ಸೋತದ್ದು ಎಂಜಿನ್ನಿನಿಂದಲ್ಲ, ಈ ಕುಣಿತದಿಂದ. ಇದಕ್ಕೆ ಮೂರು ದಾರಿಗಳಿದ್ದವು. ಪಟ್ಟಿಗಳನ್ನು ಹೆಚ್ಚಿಸಬಹುದು, ಆದರೆ ಗಾಡಿ ಕಲ್ಲಿನಂತಾಗಿ ಪುಟಿಯುತ್ತದೆ. ಅಚ್ಚಿನಿಂದ ಗಾಡಿಯ ಚೌಕಟ್ಟಿಗೆ ಸರಳು ಕೊಡಬಹುದು. ಕಂಟೋನ್ಮೆಂಟಿನ ವರ್ಕ್‌ಷಾಪಿನವರು ಹೇಳಿದ್ದು ಅದನ್ನೇ, ಪಂಕಜಾ ಒಲವು ತೋರಿದ್ದೂ ಅದಕ್ಕೇ. ಮೂರನೆಯದು ಮೇಸ್ತ್ರಿಯದು: ಅಚ್ಚಿನಿಂದ ಮುಂದಿನ ಅರ್ಧದ ಪಟ್ಟಿಗಳನ್ನು ಒಂದಾಗಿ ಬಿಗಿದು, ಹಿಂದಿನ ಅರ್ಧವನ್ನು ಸಡಿಲ ಬಿಡುವುದು. ಮುಂದಿನರ್ಧ ಡೊಂಕಾಗದೆ ಗಾಡಿಯನ್ನು ತಳ್ಳುತ್ತದೆ, ಹಿಂದಿನರ್ಧ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಹದಿನೈದು ದಿನ ವಾದಿಸಿ ಅವನು ಇದನ್ನೇ ಒಪ್ಪಿಸಿದ್ದ.

"ಪರೀಕ್ಷೆ ಮಾಡಿದಿರಾ?"

"ಆರು ಸಲ ಸಾರ್. ಚಕ್ರ ಅಲ್ಲಾಡ್ಲಿಲ್ಲ."

"ಮುಂದೇನು ಮಾಡ್ತೀರಿ?"

"ಹಳೇ ಸ್ಪ್ರಿಂಗ್ ಇದಾವೆ. ಹಾಕ್ಕೊಡ್ತೀನಿ ಅಂದೆ. ಅಮ್ಮಯ್ಯ ಒಪ್ಲಿಲ್ಲ, ಠಾಣೆಗೆ ಬಂದ್ರು."

ಹದಿನೈದು ದಿನ ವಾದಿಸಿ ಕಟ್ಟಿದ ಕೆಲಸ ಕಳುವಾಗಿದೆ. ಮನುಷ್ಯನಿಗೆ ಸಿಟ್ಟು ಬಂದಿಲ್ಲ. ಗಂಗಾಧರಯ್ಯನವರು ಇದನ್ನು ಕಾಗದದ ಮೇಲೆ ಬರೆಯಲಿಲ್ಲ. ಬರೆಯಲು ಅದಕ್ಕೊಂದು ಕಲಂ ಇರಲಿಲ್ಲ.

ಅಂದು ಸಂಜೆ, ಮೈಸೂರು ಪೊಲೀಸರಿಗೆ ಮಾಡಿದ್ದ ಟ್ರಂಕ್ ಕರೆಗೆ ಉತ್ತರ ಬಂತು. ಕಂಟೋನ್ಮೆಂಟಿನ ಶ್ರೀಮಂತರು ಸೋಮವಾರದಿಂದಲೂ ಅಲ್ಲಿಯೇ ದಸರೆ ನೋಡುತ್ತಿದ್ದರು. ಅವರ ಚಾಲಕ, ಆಳುಕಾಳು ಎಲ್ಲರೂ ಜೊತೆಗಿದ್ದರು. ಆ ದಾರಿ ಮುಚ್ಚಿತು.

ಶುಕ್ರವಾರ ಬೆಳಗ್ಗೆ ಶೆಡ್ಡು ಗುಡಿಸುವ ಚಿಕ್ಕಲಕ್ಷ್ಮಮ್ಮನನ್ನು ವಿಚಾರಿಸಲಾಯಿತು. ಪೂಜೆಗೆ ರಂಗೋಲಿಯಿಟ್ಟು, ಕುಂಕುಮ ಹಚ್ಚಿದವಳು ಅವಳೇ. ದೀಪಕ್ಕೆ ಎಣ್ಣೆ ಹಾಕಲು ಬರಬೇಕಾದ್ದರಿಂದ ಆ ರಾತ್ರಿ ಬಾಗಿಲಿಗೆ ಚಿಲಕ ಮಾತ್ರ, ಬೀಗವಿಲ್ಲ. ಆರು ಗಂಟೆಗೆ ಎಣ್ಣೆ ಹಾಕಿದ್ದಳು. ಏಳರಿಂದ ಒಂಬತ್ತರವರೆಗೆ ಬೀದಿಯವರೆಲ್ಲ ಹರಿಕಥೆಯಲ್ಲಿದ್ದರು. ಬೆಳಗ್ಗೆ ಬಂದು ನೋಡಿದರೆ ಹೀಗೆ. ಇಷ್ಟು ಹೇಳಿ ಅವಳು ಸೆರಗು ಸರಿಪಡಿಸಿಕೊಂಡು, ತನ್ನದೇ ಒಂದು ದೂರು ಸೇರಿಸಿದಳು.

"ನಾನು ಕಾರಿನ ಕೆಳಗೆ ತೂರ್ಕೊಂಡು ಆ ಸ್ಪ್ರಿಂಗಿಗೂ ಕುಂಕುಮ ಬಳ್ದೆ ಸಾಮಿ, ಸೊಂಟ ಬಿದ್ದೋಯ್ತು. ಮೇಸ್ತ್ರಿಯಪ್ಪ ಬಂದು ಜಾಸ್ತಿ ಆಯ್ತು ಅಂತ ಒರೆಸಿಬಿಟ್ಟ. ಹಬ್ಬದ ದಿನ ಕುಂಕುಮ ಒರೆಸ್ತಾರಾ ಯಾರಾದ್ರೂ? ಬೈದೆ. ಬೈದ್ರೂ ಮಾತಿಲ್ಲ. ಅಲ್ಲೇ ಅಂಗಾತ ಮಲಗಿ ಮೇಲೆ ನೋಡ್ತಾನೇ ಇದ್ದ. ಒಬ್ಬಟ್ಟು ಹಾಕಿದ್ದೆ, ಅದನ್ನೂ ತಿನ್ನಲಿಲ್ಲ."

ಠಾಣೆಗೆ ಹಿಂದಿರುಗುವಾಗ ಗಂಗಾಧರಯ್ಯನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪೂಜೆಗಿಟ್ಟ ಉಪಕರಣವನ್ನು ದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ಹೊರಗಿನ ಕಳ್ಳನಿಗೆ ಆ ಅಳುಕು ಇರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಬಿಚ್ಚಿದವನಿಗೆ ಅಳುಕಿತ್ತು. ಆದರೂ ಅವನ ಕೈಗೆ ಜಾಕಿಯೂ ದೊಡ್ಡ ಸ್ಪ್ಯಾನರೂ ಬೇಕಿತ್ತು.

"ಕೆಂಪಯ್ಯ, ಬುಧವಾರ ಈ ಸುತ್ತಿನಲ್ಲಿ ಪೂಜೆಗೆ ಕೂರದ ಸ್ಪ್ಯಾನರ್ ಯಾರ ಮನೇಲಿತ್ತು?"

ಕೆಂಪಯ್ಯ ತಲೆ ಕೆರೆದುಕೊಂಡ. ಗ್ಯಾರೇಜು, ಕಮ್ಮಾರಸಾಲೆ, ಬಸ್ಸಿನವರು, ಲಾರಿಯವರು, ಎಲ್ಲರದೂ ಕೂತಿತ್ತು. ಆಮೇಲೆ ಅವನ ಮುಖ ಅರಳಿತು. "ರೈಲ್ವೆ ಕ್ವಾರ್ಟರ್ಸಲ್ಲಿ ನಮ್ಮ ಅಂತೋಣಪ್ಪ ಇದಾನೆ ಸಾರ್, ಫಿಟ್ಟರ್. ಅವನು ಚರ್ಚಿಗೆ ಹೋಗೋನು."

ಅಂತೋಣಪ್ಪ ಏನನ್ನೂ ಮುಚ್ಚಿಡಲಿಲ್ಲ. ಬುಧವಾರ ಸಂಜೆ ಆರೂವರೆಗೆ ಮೇಸ್ತ್ರಿ ಬಂದು ಜಾಕಿ, ಎರಡು ಸ್ಪ್ಯಾನರು ಒಯ್ದಿದ್ದ. ಗುರುವಾರ ಬೆಳಗ್ಗೆ ಒರೆಸಿ, ಎಣ್ಣೆ ಹಚ್ಚಿ, ಜೊತೆಗೆ ಕಡ್ಲೆಪುರಿ ಬಾಳೆಹಣ್ಣು ಇಟ್ಟು ಹಿಂದಿರುಗಿಸಿದ್ದ. ಯಾಕೆಂದು ಅಂತೋಣಪ್ಪ ಕೇಳಿರಲಿಲ್ಲ. ಮೇಸ್ತ್ರಿ ಕೇಳಿದರೆ ಯಾರಾದರೂ ಯಾಕೆಂದು ಕೇಳುತ್ತಾರೆಯೇ ಎಂದು ಪೊಲೀಸರನ್ನೇ ಕೇಳಿದ.

ಅಕ್ಟೋಬರ್ ಐದು, ಶನಿವಾರ. ಮಧ್ಯಾಹ್ನ ಮೂರೂಕಾಲಿಗೆ ಪಂಚರ ಸಮ್ಮುಖದಲ್ಲಿ ಹೆಗ್ಗನಹಳ್ಳಿಯ ಮನೆಯ ಶೋಧನೆ ನಡೆಯಿತು. ಕಳುವಾದ ಮಾಲನ್ನು ಗುರುತಿಸಲು ಪಂಕಜಾರನ್ನೂ ಕರೆಸಲಾಗಿತ್ತು. ಹುಡುಕುವುದೇ ಬೇಕಾಗಲಿಲ್ಲ. ಮೇಸ್ತ್ರಿ ತಾನೇ ಹಿತ್ತಲಿಗೆ ನಡೆದು, ಸೌದೆಯ ರಾಶಿಯ ಹಿಂದಿನಿಂದ ಗೋಣಿಯಲ್ಲಿ ಸುತ್ತಿದ ಎರಡು ಕಟ್ಟುಗಳನ್ನು ತಂದು ಅಂಗಳದಲ್ಲಿ ಇಟ್ಟ.

ಪಂಕಜಾ ಅವನನ್ನು ನೋಡಿದರು. ಅಲ್ಲಿಯವರೆಗೂ ಆಕೆಗೆ ಯಾರ ಮನೆಗೆ ಬಂದಿದ್ದೇವೆಂಬುದು ತಿಳಿದಿದ್ದರೂ, ಅವನೇ ತೆಗೆದನೆಂದು ನಂಬಿಕೆಯಾಗಿರಲಿಲ್ಲ.

"ಬಿಚ್ಚಿ ತೋರಿಸು," ಎಂದರು ಗಂಗಾಧರಯ್ಯ.

ಮೇಸ್ತ್ರಿ ಎಡಗಡೆಯ ಕಟ್ಟಿನ ದೊಡ್ಡ ಪಟ್ಟಿಯನ್ನು ಬೇರೆ ಮಾಡಿ ಬಿಸಿಲಿಗೆ ಹಿಡಿದ. ಬೋಲ್ಟಿಗಾಗಿ ಕೊರೆದಿದ್ದ ತೂತಿನಿಂದ ಹೊರಟು ಪಟ್ಟಿಯ ಅಡ್ಡಕ್ಕೆ ಕೂದಲೆಳೆಯಷ್ಟು ಕೆಂಪು ಗೆರೆ ಓಡಿತ್ತು. ಎಣ್ಣೆಯ ಕುಂಕುಮ ಬಿರುಕಿನ ಒಳಗೆ ಇಳಿದಿತ್ತು. ಮೇಲೆ ಒರೆಸಿದರೆ ಹೋಗುವಂಥದ್ದಲ್ಲ. ಪಂಕಜಾ ಉಗುರನ್ನು ಅದರ ಮೇಲೆ ಎಳೆದರು. ಉಗುರು ಸಿಕ್ಕಿಕೊಂಡಿತು.

"ಪಟ್ಟಿಗೆ ತೂತು ಕೊರೀಬಾರ್ದು," ಎಂದು ಮೇಸ್ತ್ರಿ ಗಂಗಾಧರಯ್ಯನವರಿಗೆ ಹೇಳಿದ, ಪಂಕಜಾರ ಕಡೆ ನೋಡದೆ. "ಹದ ಮಾಡಿದ ಉಕ್ಕು ಅದು. ಮೊದಲು ಹೊರಗಡೆಯಿಂದ ಕ್ಲಾಂಪ್ ಹಾಕಿದ್ದೆ, ಎರಡನೇ ಓಟಕ್ಕೇ ಜಾರಿತು. ಸೋತೆ ಅನ್ನೋಕೆ ಮನಸ್ಸು ಬರ್ಲಿಲ್ಲ ಸಾರ್. ಕೊರೆದು ಬೋಲ್ಟ್ ಹಾಕ್ದೆ. ಕಂಟೋನ್ಮೆಂಟಿನವರ ಸರಳೇ ಸರಿಯಾಗಿತ್ತು ಅಂತಾಗ್ಬಿಡ್ತಿತ್ತು."

"ಮುರಿದಿದ್ದರೆ?"

"ಓಟದ ನಡುವೆ ಮುರಿದ್ರೆ ಅಚ್ಚು ಒಂದು ಕಡೆಗೆ ಎಳ್ಕೊಂಡುಬಿಡುತ್ತೆ. ಎಡಗಡೆ ಸಾಲುಮರ. ಜನ ನಿಂತಿರ್ತಾರೆ."

ಪಂಚರಲ್ಲೊಬ್ಬ ಬೀಡಿ ಹೊತ್ತಿಸಲು ಹೋಗಿ ಸುಮ್ಮನಾದ.

"ನನಗೆ ಹೇಳಬಹುದಿತ್ತಲ್ಲ, ಮೇಸ್ತ್ರಿ," ಎಂದರು ಪಂಕಜಾ. ಧ್ವನಿ ಏರಿರಲಿಲ್ಲ.

"ಹೇಳಿದ್ರೆ ಏನನ್ನೋರು ನೀವು?"

ಆಕೆ ಮತ್ತೊಮ್ಮೆ ಆ ಗೆರೆಯ ಮೇಲೆ ಉಗುರು ಎಳೆದರು.

"ಕಾಲು ಮೈಲಿ ತಾನೇ, ಆರು ಸಲ ತಡ್ಕೊಂಡಿದೆ, ಏಳನೇದೂ ತಡ್ಕೊಳ್ಳುತ್ತೆ ಅನ್ನೋರು. ನಿಮ್ಮಪ್ಪನೂ ಹಂಗೇ ಅನ್ನೋರು. ನಾನು ಹೂಂ ಅಂದ್ಬಿಡ್ತಿದ್ದೆ. ಅದಕ್ಕೇ ಹೆದರ್ಕೊಂಡೆ."

ಪಂಕಜಾ ದೂರನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ದಾಖಲಾದ ವರದಿಯನ್ನು ಹರಿಯಲು ತಮಗೂ ಅಧಿಕಾರವಿಲ್ಲ, ಆ ಮಾತನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು ಎಂದು ಗಂಗಾಧರಯ್ಯನವರು ತಿಳಿಸಿದರು. ಆಕೆ ಜಪ್ತಿ ಪಂಚನಾಮೆಗೆ ಸಹಿ ಮಾಡಿದರು. ಅನಂತರ ಸಂಘದವರಿಗೆ ತನ್ನ ಹೆಸರು ತೆಗೆಯುವಂತೆ ಚೀಟಿ ಬರೆದು ಕೆಂಪಯ್ಯನ ಕೈಗೆ ಕೊಟ್ಟರು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ರೇವಣಸಿದ್ದಯ್ಯನನ್ನು ದಸ್ತಗಿರಿ ಮಾಡಲಾಯಿತು. ಬೇಡಿ ಹಾಕಲಿಲ್ಲ. ಅವನು ಕೈ ತೊಳೆದು, ವಿಭೂತಿ ಧರಿಸಿ, ಜೀಪು ಹತ್ತಿದ.

ಆರೂವರೆಗೆ ಠಾಣೆಯಲ್ಲಿ ಕೆಂಪಯ್ಯ ವರದಿಯ ಕರಡು ತಂದಿಟ್ಟ. ಎಲ್ಲ ಕಳವು ಪ್ರಕರಣಗಳಲ್ಲೂ ಬರೆಯುವಂತೆ, ಆರೋಪಿಯು ಅಪ್ರಾಮಾಣಿಕ ಉದ್ದೇಶದಿಂದ ಸದರಿ ಸ್ವತ್ತನ್ನು ಅಪಹರಿಸಿದನೆಂದು ಅದರಲ್ಲಿತ್ತು. ಗಂಗಾಧರಯ್ಯನವರು ಲೇಖನಿ ಹಿಡಿದು 'ಅಪ್ರಾಮಾಣಿಕ ಉದ್ದೇಶದಿಂದ' ಎಂಬ ಎರಡು ಪದಗಳ ಮೇಲೆ ನೇರವಾಗಿ ಗೆರೆ ಎಳೆದರು. ಮೇಲೆ ಬರೆದರು: ತನ್ನ ಕೆಲಸದ ತಪ್ಪು ಯಾರಿಗೂ ತಿಳಿಯಬಾರದೆಂದು, ಮತ್ತು ಆ ತಪ್ಪಿನಿಂದ ಯಾರ ಪ್ರಾಣವೂ ಹೋಗಬಾರದೆಂದು. ಇವೆರಡರಲ್ಲಿ ಯಾವುದು ಮುಂಚಿನದೆಂದು ಆರೋಪಿಯನ್ನು ಕೇಳಲಾಗಿ, ತನಗೆ ತಿಳಿಯದೆಂದು ಹೇಳಿರುತ್ತಾನೆ.

ಕೆಂಪಯ್ಯ ಬಗ್ಗಿ ಓದಿದ.

"ಆ ಮಾತು ಹೊಡೆದು ಹಾಕಿದ್ರೆ ಕಳ್ಳತನದ ಕೇಸ್ ನಿಲ್ಲಲ್ಲ ಸಾರ್."

"ಗೊತ್ತು," ಎಂದು ಗಂಗಾಧರಯ್ಯನವರು ಶಾಯಿ ಒಣಗಲೆಂದು ಕಾಗದವನ್ನು ದೀಪದ ಹತ್ತಿರಕ್ಕೆ ಸರಿಸಿದರು. "ಶುದ್ಧಪ್ರತಿ ಬರಿ. ನಾಳೆ ಮ್ಯಾಜಿಸ್ಟ್ರೇಟರ ಮನೆಗೆ ಹೋಗ್ಬೇಕು."